ಹೆಸರು ಬರೆಸಿಕೊಂಡವರು, ಲೆಕ್ಕಕ್ಕೆ ಸೇರಿದವರು: ಒಬ್ಬ ಐರಿಷ್ ಸೈನಿಕನ ಬಡ್ತಿಯ ಜಾಡಿನಲ್ಲಿ

ಮೊದಲ ಮಹಾಯುದ್ಧದ ಸೈನಿಕನೊಬ್ಬನ ದಾಖಲೆ ಹುಡುಕಲು ಹೊರಟರೆ ಮೊದಲು ಎದುರಾಗುವುದು ಒಂದು ಬೆಂಕಿ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಒಂದು ಗೋದಾಮಿನ ಮೇಲೆ ಜರ್ಮನ್ ಬಾಂಬು ಬಿತ್ತು. ಬ್ರಿಟಿಷ್ ಸೇನೆಯ ಸಿಪಾಯಿಗಳ ಸೇವಾ ಫೈಲುಗಳನ್ನು ಅಲ್ಲಿ ಇಟ್ಟಿದ್ದರು. ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋದವು. ಉಳಿದವುಗಳ ಅಂಚು ಕರಕಲಾಗಿದೆ, ಮೇಲೆಲ್ಲ ನೀರಿನ ಕಲೆ. ಆಫೀಸರುಗಳ ಮುಖ್ಯ ಫೈಲುಗಳೂ ಹೋದವು, ಆದರೆ ಅವರ ಪತ್ರವ್ಯವಹಾರದ ಫೈಲುಗಳು 2 ಲಕ್ಷಕ್ಕೂ ಹೆಚ್ಚು ಉಳಿದುಕೊಂಡಿವೆ. ಹಾಗಾಗಿ ಸಿಪಾಯಿಯಾಗಿ ಸೇರಿ ಆಫೀಸರ್ ಆದವನ ಕಥೆ ಹುಡುಕುವಾಗ, ಮೊದಲರ್ಧಕ್ಕೆ ಒಂದು ರೀತಿ ಓಡಾಡಬೇಕು, ಎರಡನೇ ಅರ್ಧಕ್ಕೆ ಇನ್ನೊಂದು ರೀತಿ.

ನಾನು ಕೊಡಗಿನವನು. ಕೆಲಸಕ್ಕೆಂದು ಐರ್ಲೆಂಡಿನ ಕಾರ್ಕ್ ನಗರಕ್ಕೆ ಬಂದು ನೆಲೆಸಿದ್ದೇನೆ. ನಮ್ಮ ಕಡೆ ಸೇನೆಯ ಮಾತಿಲ್ಲದ ಮನೆ ಕಡಿಮೆ. ನಮ್ಮ ತಾತ ಸುಬೇದಾರ್ ಆಗಿ ನಿವೃತ್ತರಾದವರು. ಯಾರು ಯಾವಾಗ ನಾಯಕ್ ಆದರು, ಹವಾಲ್ದಾರ್ ಆದರು ಅನ್ನುವುದು ನಮ್ಮಲ್ಲಿ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಬರುವ ಮಾತು. ಕಾರ್ಕ್‌ಗೆ ಬಂದ ಮೇಲೆ ಗೊತ್ತಾಯಿತು, ಇಲ್ಲೂ ಬಹಳ ಮನೆಗಳಿಂದ ಗಂಡಸರು ಅದೇ ಬ್ರಿಟಿಷ್ ಸೇನೆಗೆ ಹೋಗಿದ್ದಾರೆ. ಆ ಯುದ್ಧದಲ್ಲಿ 2 ಲಕ್ಷಕ್ಕೂ ಹೆಚ್ಚು ಐರಿಷರು ದುಡಿದರು. ಆದರೆ ಅದನ್ನು ಅವರ ಮನೆಗಳಲ್ಲಿ ಬಹಳ ಕಾಲ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮಲ್ಲಿ ಹೆಮ್ಮೆಯಿಂದ ಹೇಳುವುದನ್ನು ಇವರು ಯಾಕೆ ಮುಚ್ಚಿಟ್ಟರು? ಆ ಕುತೂಹಲದಿಂದಲೇ ಒಬ್ಬ ಸೈನಿಕನನ್ನು ಹಿಡಿದುಕೊಂಡು ಹುಡುಕಲು ಕೂತೆ. ಅವನು ಮೈಕಲ್ ಓಲೀರಿ.

ಓಲೀರಿಯ ಊರು ಇಂಚಿಗೀಲಾ. ಕಾರ್ಕ್‌ನಿಂದ ಮಕ್ರೂಮ್ ದಾಟಿ, ಲೀ ನದಿಯ ಪಕ್ಕದ ಕಿರಿದಾದ ರಸ್ತೆಯಲ್ಲಿ ಹೋಗಬೇಕು. ಪಶ್ಚಿಮ ಕಾರ್ಕ್‌ನ ಕಲ್ಲು ಗುಡ್ಡಗಳ ನಡುವಿನ ಸಣ್ಣ ಊರು, ಬದಿಯಲ್ಲಿ ಉದ್ದನೆಯ ಸರೋವರ. ಊರು ಸೇರಿರುವ ಪ್ಯಾರಿಷ್ಷಿಗೆ, ಅಂದರೆ ಚರ್ಚಿನ ವ್ಯಾಪ್ತಿಯ ಸೀಮೆಗೆ, ಹೆಸರು ಬಂದಿರುವುದೇ ಓಲೀರಿ ಕುಲದಿಂದ. ಸ್ಮಶಾನದ ಕಲ್ಲುಗಳಲ್ಲಿ ಮತ್ತೆ ಮತ್ತೆ ಅದೇ ಹೆಸರು. ಹೀಗಿರುವಾಗ ಬರೀ ಹೆಸರು ಹಿಡಿದು ಹುಡುಕಿದರೆ ಮೈಕಲ್ ಓಲೀರಿಗಳ ದಂಡೇ ಎದ್ದು ಬರುತ್ತದೆ. ಸೇನೆಯ ದಾಖಲೆಯಲ್ಲಿ ಒಬ್ಬನನ್ನು ಹಿಡಿಯಬೇಕಾದರೆ ರೆಜಿಮೆಂಟಿನ ನಂಬರು ಬೇಕು. ಅದು ಪದಕದ ಸೂಚಿ ಕಾರ್ಡಿನಲ್ಲಿ ಸಿಗುತ್ತದೆ. ಯುದ್ಧ ಮುಗಿದ ಮೇಲೆ ಪದಕ ಕೊಡುವುದಕ್ಕಾಗಿ ಪ್ರತಿ ಸೈನಿಕನಿಗೆ ಒಂದೊಂದು ಕಾರ್ಡು ಬರೆದಿದ್ದರು. ಹೆಸರು, ದಳ, ದರ್ಜೆ, ನಂಬರು, ರಣರಂಗಕ್ಕೆ ಇಳಿದ ದಿನ. ಅಂಗೈಯಷ್ಟು ಕಾಗದ. ದರ್ಜೆ ಬದಲಾಗಿದ್ದರೆ ಅದೇ ಕಾರ್ಡಿನಲ್ಲಿ ಒಂದರ ಕೆಳಗೊಂದು ಬರೆದಿರುತ್ತಾರೆ. ಹೊಸಬರು ಯಾರೇ ಆಗಲಿ, ಅಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಅವನ ಯೌವನವೆಲ್ಲ ಅಲೆದಾಟ. ಚಿಕ್ಕ ವಯಸ್ಸಿನಲ್ಲಿ ನೌಕಾಪಡೆಗೆ ಸೇರಿದ. ಮಂಡಿಯ ಸಂಧಿವಾತದಿಂದ ಅಲ್ಲಿಂದ ಹೊರಬಂದ. 1910ರಲ್ಲಿ ಐರಿಷ್ ಗಾರ್ಡ್ಸ್ ಸೇರಿದ. ಅದು ಆಗ ಬರೀ ಹತ್ತು ವರ್ಷದ ರೆಜಿಮೆಂಟು, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಐರಿಷರು ಹೋರಾಡಿದ್ದಕ್ಕೆ ಗೌರವವಾಗಿ 1900ರಲ್ಲಿ ವಿಕ್ಟೋರಿಯಾ ರಾಣಿ ಕಟ್ಟಿಸಿದ್ದು. 1913ರಲ್ಲಿ ಅದನ್ನೂ ಬಿಟ್ಟು ಕೆನಡಾಕ್ಕೆ ಹೋಗಿ ಕುದುರೆ ಪೊಲೀಸ್ ಪಡೆಯಲ್ಲಿ ಕಾನ್‌ಸ್ಟೆಬಲ್ ಆದ. ಯುದ್ಧ ಶುರುವಾದದ್ದೇ ಅಲ್ಲಿಂದ ಬಿಡಿಸಿಕೊಂಡು ವಾಪಸ್ ಬಂದ. 1914ರ ನವೆಂಬರ್ ಕೊನೆಯ ಹೊತ್ತಿಗೆ ಫ್ರಾನ್ಸಿನಲ್ಲಿದ್ದ.

ಈ ತಾರೀಖು ಮುಖ್ಯ. ಅದೇ ತಿಂಗಳು ಬೆಲ್ಜಿಯಂನ ಮೊದಲ ಈಪ್ರ ಕಾಳಗದಲ್ಲಿ ಐರಿಷ್ ಗಾರ್ಡ್ಸ್‌ನ ಮೊದಲ ಬೆಟಾಲಿಯನ್ ನುಚ್ಚುನೂರಾಗಿತ್ತು. ಒಂದು ಬೆಟಾಲಿಯನ್ ಅಂದರೆ ಹೆಚ್ಚುಕಡಿಮೆ 1000 ಜನ. ಅದರಲ್ಲಿ ನಿಂತು ಉಳಿದವರು ಕೆಲವೇ ನೂರು. ಓಲೀರಿ ಬಂದದ್ದು ಆ ಖಾಲಿ ಜಾಗ ತುಂಬುವ ಗುಂಪಿನಲ್ಲಿ. ಜನವರಿಯ ಮೊದಲ ವಾರದಲ್ಲೇ ತೋಳಿಗೆ ಒಂದು ಪಟ್ಟಿ ಬಂತು, ಲ್ಯಾನ್ಸ್ ಕಾರ್ಪೊರಲ್ ಆದ. ನಮ್ಮ ಸೇನೆಯ ಲ್ಯಾನ್ಸ್ ನಾಯಕ್ ಇದ್ದ ಹಾಗೆ. ಶಾಂತಿ ಕಾಲದಲ್ಲಿ ಈ ಒಂದು ಪಟ್ಟಿಗೆ ವರ್ಷಗಟ್ಟಲೆ ಕಾಯಬೇಕು. ಯುದ್ಧಕಾಲದಲ್ಲಿ ಆರು ವಾರ ಸಾಕಾಯಿತು. ಅವನು ಸಮರ್ಥನಿದ್ದ, ಅನುಮಾನವಿಲ್ಲ. ಆದರೆ ಅವನ ಮೇಲಿದ್ದವರು ಸತ್ತಿದ್ದರು ಅನ್ನುವುದೂ ಅಷ್ಟೇ ನಿಜ. ಬಡ್ತಿಯ ಪ್ರತಿ ತಾರೀಖಿನ ಪಕ್ಕ ಬೆಟಾಲಿಯನ್ನಿನ ಸಾವುನೋವಿನ ತಾರೀಖುಗಳನ್ನೂ ಬರೆದುಕೊಳ್ಳತೊಡಗಿದ ಮೇಲೆಯೇ ನನಗೆ ಈ ಕಥೆ ಅರ್ಥವಾಗತೊಡಗಿದ್ದು.

1915ರ ಫೆಬ್ರವರಿ 1. ಉತ್ತರ ಫ್ರಾನ್ಸಿನ ಕ್ವಾಂಶಿ ಎಂಬ ಹಳ್ಳಿ. ಲಾ ಬಸ್ಸೆ ಕಾಲುವೆ, ಅದರ ಪಕ್ಕ ರೈಲ್ವೆಯ ಎತ್ತರದ ಏರಿ, ಸುತ್ತ ಇಟ್ಟಿಗೆ ಭಟ್ಟಿಯ ಬಯಲು. ಸುಡಲು ಪೇರಿಸಿಟ್ಟ ಇಟ್ಟಿಗೆಯ ದೊಡ್ಡ ದೊಡ್ಡ ರಾಶಿಗಳೇ ಎರಡೂ ಕಡೆಯವರಿಗೆ ಕೋಟೆ. ರಾತ್ರಿ ಕತ್ತಲಲ್ಲಿ ಜರ್ಮನ್ನರು ನುಗ್ಗಿ, ಬ್ರಿಟಿಷರದೇ ಇನ್ನೊಂದು ರೆಜಿಮೆಂಟಾದ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್‌ನವರ ಒಂದು ನೆಲೆಯನ್ನು ಕಿತ್ತುಕೊಂಡರು. ಬೆಳಕು ಹರಿಯುವ ಮುಂಚೆಯೇ ಅದನ್ನು ವಾಪಸ್ ಪಡೆಯಲು ಐರಿಷ್ ಗಾರ್ಡ್ಸ್‌ನ ನಾಲ್ಕನೇ ಕಂಪನಿಯನ್ನು ಕಳಿಸಿದರು. ಆ ದಾಳಿ ಸೋತಿತು. ಕಂಪನಿಯ ಆಫೀಸರುಗಳು ಸತ್ತರು ಇಲ್ಲವೇ ಗಾಯಗೊಂಡು ಬಿದ್ದರು. ಕೊನೆಗೆ ಕಂಪನಿ ಸಾರ್ಜೆಂಟ್ ಮೇಜರನೇ ಉಳಿದವರನ್ನು ಹಿಡಿದು ನಿಲ್ಲಿಸಿಕೊಂಡ.

ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ಫಿರಂಗಿಗಳು ಹತ್ತು ನಿಮಿಷ ಸತತ ಗುಂಡು ಸುರಿಸಿದವು. ಮುಂದೆ ಕೋಲ್ಡ್‌ಸ್ಟ್ರೀಮಿನವರು, ಹಿಂದೆ ಐರಿಷ್ ಗಾರ್ಡ್ಸ್‌ನ ಸಣ್ಣ ಗುಂಪು. ಐರಿಷರ ಜೊತೆ ಸೆಕೆಂಡ್ ಲೆಫ್ಟಿನೆಂಟ್ ಇನ್ಸ್ ಎಂಬ ಯುವಕ, ಅವನ ಆರ್ಡರ್ಲಿ ಓಲೀರಿ. ಮರಳು ಚೀಲದ ಅಡ್ಡಗೋಡೆಯ ಹಿಂದಿನಿಂದ ಜರ್ಮನ್ನರು ಗುಂಡು ಹಾರಿಸುತ್ತಿದ್ದರು. ಓಲೀರಿ ಗುಂಪಿಗಿಂತ ಮುಂದೆ ಓಡಿ, ಕಾಲುಹಾದಿ ಬಿಟ್ಟು ರೈಲ್ವೆ ಏರಿಯ ಮೇಲೆ ಹತ್ತಿ, ಅಲ್ಲಿಂದ ಮೊದಲ ಅಡ್ಡಗೋಡೆಯ ಹಿಂದಿದ್ದ ಐವರನ್ನು ಹೊಡೆದುರುಳಿಸಿದ. ಅಲ್ಲಿಂದ ಸುಮಾರು 60 ಗಜ ಮುಂದೆ ಎರಡನೇ ಗೋಡೆ. ಅಲ್ಲಿ ಮೂವರನ್ನು ಕೊಂದ, ಇಬ್ಬರನ್ನು ಸೆರೆಹಿಡಿದ. ಫೆಬ್ರವರಿ 18ರ ಲಂಡನ್ ಗೆಜೆಟ್‌ನಲ್ಲಿ ಅವನಿಗೆ ವಿಕ್ಟೋರಿಯಾ ಕ್ರಾಸ್, ಬ್ರಿಟಿಷ್ ಸೇನೆಯ ಅತ್ಯುನ್ನತ ಶೌರ್ಯ ಪದಕ, ಪ್ರಕಟವಾಯಿತು. ಅವನೊಬ್ಬನೇ ಹೆಚ್ಚುಕಡಿಮೆ ಇಡೀ ನೆಲೆಯನ್ನು ಗೆದ್ದ, ಅದರಿಂದ ಹಿಂದೆ ಬರುತ್ತಿದ್ದವರ ಮೇಲೆ ಗುಂಡು ಬೀಳುವುದು ತಪ್ಪಿತು ಅನ್ನುವುದು ಅದರ ತಾತ್ಪರ್ಯ. ಎಂಟು ಜನರನ್ನು ಕೊಂದದ್ದಕ್ಕಿಂತ ಆ ಕೊನೆಯ ಮಾತೇ ನನಗೆ ಮುಖ್ಯವೆನಿಸುತ್ತದೆ. ಹಿಂದೆ ಬರುತ್ತಿದ್ದವರು ಬದುಕಿದರು. ಕಾಳಗ ಮುಗಿದ ಕೆಲವೇ ದಿನಕ್ಕೆ ಅವನನ್ನು ಸಾರ್ಜೆಂಟ್ ಮಾಡಿದರು. ನಡುವಿನ ಕಾರ್ಪೊರಲ್ ಮೆಟ್ಟಿಲನ್ನು ಹತ್ತಲೇ ಇಲ್ಲ.

ಇಷ್ಟರವರೆಗಿನದು ಪುಸ್ತಕಗಳಲ್ಲೂ ಸಿಗುತ್ತದೆ. ನಾನು ಜಾಸ್ತಿ ಹೊತ್ತು ಕಳೆದದ್ದು ಯುದ್ಧದ ದಿನಚರಿಗಳ ಜೊತೆ. ಬ್ರಿಟಿಷ್ ಸೇನೆಯ ಪ್ರತಿ ಬೆಟಾಲಿಯನ್ ರಣರಂಗದಲ್ಲಿ ದಿನವೂ ಒಂದು ದಿನಚರಿ ಬರೆಯಬೇಕಿತ್ತು. ಸಾಮಾನ್ಯವಾಗಿ ಅಜುಟೆಂಟ್, ಅಂದರೆ ಬೆಟಾಲಿಯನ್ನಿನ ಕಾಗದಪತ್ರ ನೋಡಿಕೊಳ್ಳುವ ಆಫೀಸರ್, ಬರೆಯುತ್ತಿದ್ದ. ಅವು ಲಂಡನ್ ಹತ್ತಿರದ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಫ್ರಾನ್ಸ್ ಮತ್ತು ಬೆಲ್ಜಿಯಂ ಕಡೆಯವನ್ನು ಸ್ಕ್ಯಾನ್ ಮಾಡಿಟ್ಟಿದ್ದಾರೆ, ಮನೆಯಲ್ಲೇ ಕೂತು ಓದಬಹುದು. ಕ್ಯೂಗೆ ಹೋಗಿ ಮೂಲ ಕಾಗದ ನೋಡಬೇಕಾದರೆ ಓದುಗರ ಚೀಟಿ ಮಾಡಿಸಬೇಕು. ಒಳಗೆ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ.

ಈ ದಿನಚರಿಗಳನ್ನು ಓದುತ್ತಾ ಓದುತ್ತಾ ಒಂದು ವಿಷಯ ಕಣ್ಣಿಗೆ ಚುಚ್ಚತೊಡಗುತ್ತದೆ. ಆಫೀಸರ್ ಸತ್ತರೆ ಹೆಸರು ಬರೆಯುತ್ತಾರೆ. ಗಾಯಗೊಂಡರೆ ಹೆಸರು, ರಜೆಗೆ ಹೋದರೆ ಹೆಸರು, ಹೊಸದಾಗಿ ಬಂದು ಸೇರಿದರೂ ಹೆಸರು. ಸಿಪಾಯಿಗಳು ಸತ್ತರೆ ಸಂಖ್ಯೆ. ಇತರ ದರ್ಜೆಯವರು ಇಷ್ಟು ಜನ ಸತ್ತರು, ಇಷ್ಟು ಜನ ಗಾಯಗೊಂಡರು, ಇಷ್ಟು ಜನ ಕಾಣೆ. ಅಷ್ಟೇ. ಲ್ಯಾನ್ಸ್ ಕಾರ್ಪೊರಲ್ ಆಗಲಿ, ಸಾರ್ಜೆಂಟ್ ಆಗಲಿ, ಇಪ್ಪತ್ತು ವರ್ಷ ದುಡಿದ ಸಾರ್ಜೆಂಟ್ ಮೇಜರ್ ಆಗಲಿ, ಸಾಮಾನ್ಯವಾಗಿ ಆ ಲೆಕ್ಕದ ಒಳಗೇ. ಬಡ್ತಿ ಅಂದರೆ ಸಂಬಳ, ಅಧಿಕಾರ, ಭುಜದ ಮೇಲಿನ ಗುರುತು ಎಂದುಕೊಂಡಿದ್ದೆ. ಈ ಕಾಗದಗಳಲ್ಲಿ ನೋಡಿದರೆ, ಸಾರ್ಜೆಂಟ್ ಮತ್ತು ಸೆಕೆಂಡ್ ಲೆಫ್ಟಿನೆಂಟ್ ನಡುವಿನ ಗೆರೆ ದಾಟಿದವನಿಗೆ ಮಾತ್ರ ಹೆಸರಿದೆ.

ಹಾಗಾದರೆ ಆ ಸಂಖ್ಯೆಯೊಳಗಿನ ಜನ ಯಾರು? ಅದನ್ನು ಹುಡುಕುವುದು ಸಾಧ್ಯ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ರೆಜಿಮೆಂಟಿನ ಹೆಸರು ಮತ್ತು ಸತ್ತ ದಿನ ಕೊಟ್ಟು ಹುಡುಕಬಹುದು. ಐರಿಷ್ ಗಾರ್ಡ್ಸ್, 1915ರ ಫೆಬ್ರವರಿ 1 ಎಂದು ಕೊಟ್ಟೆ. ದಿನಚರಿಯಲ್ಲಿ ಬರೀ ಅಂಕಿಯಾಗಿದ್ದವರು ಒಬ್ಬೊಬ್ಬರಾಗಿ ಹೆಸರು, ನಂಬರಿನ ಸಮೇತ ಬಂದರು. ಆ ಹೆಸರುಗಳನ್ನು ಹಿಡಿದು 1911ರ ಐರಿಷ್ ಜನಗಣತಿಗೆ ಹೋದೆ. ಅದು ಪೂರ್ತಿ ಉಚಿತ, ಮನೆಯ ಯಜಮಾನ ತುಂಬಿ ಸಹಿ ಹಾಕಿದ ಫಾರಮ್ಮೇ ಕಾಣುತ್ತದೆ. ಯಾರಿಗೆ ಓದು ಬರಹ ಬರುತ್ತದೆ, ಯಾರಿಗೆ ಐರಿಷ್ ಭಾಷೆ ಬರುತ್ತದೆ, ಅಪ್ಪನ ಕಸುಬೇನು. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು ಎಂಬ ಕಾಲಮ್ಮುಗಳೂ ಇವೆ. ನಾಲ್ಕು ವರ್ಷ ಮುಂಚೆ ಬದುಕಿರುವವರ ಕಾಲಮ್ಮಿನಲ್ಲಿದ್ದ ಹುಡುಗ ಈಗ ಯುದ್ಧದ ದಿನಚರಿಯ ಒಂದು ಅಂಕಿ. ಆ ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡು ಓದುವಾಗ ಮನಸ್ಸು ಹಿಂಡುತ್ತದೆ. ಎಲ್ಲರೂ ಸಿಗುವುದಿಲ್ಲ, ಒಂದೇ ಹೆಸರಿನವರು ಜಾಸ್ತಿ. ಊರು, ವಯಸ್ಸು, ಅಪ್ಪ ಅಮ್ಮನ ಹೆಸರು ಮೂರೂ ಕೂಡದೆ ಇವನೇ ಅವನು ಎಂದು ಬರೆದುಕೊಳ್ಳಬಾರದು ಅಂತ ನಾನು ನಿಯಮ ಮಾಡಿಕೊಂಡಿದ್ದೇನೆ.

ಇನ್ನೊಂದು ದಾಖಲೆಯ ಬಗ್ಗೆ ಹೇಳಲೇಬೇಕು. ಡಬ್ಲಿನ್‌ನಲ್ಲಿರುವ ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 1914ರಿಂದ 1917ರವರೆಗಿನ ಸುಮಾರು 9000 ಸೈನಿಕರ ಉಯಿಲುಗಳಿವೆ. ಎಲ್ಲ ಸಾಮಾನ್ಯ ಸಿಪಾಯಿಗಳದ್ದೇ. ಸಂಬಳದ ಪುಸ್ತಕದಲ್ಲಿ ಉಯಿಲಿಗೆಂದೇ ಪುಟವಿತ್ತು. ಹೆಚ್ಚಿನವು ಒಂದೆರಡು ಸಾಲಿನವು. ನಾನು ಸತ್ತರೆ ನನ್ನದೆಲ್ಲ ಅಮ್ಮನಿಗೆ ಸೇರಲಿ, ಅಷ್ಟೇ. ಅವರ ಕೈಬರಹ ಸಿಗುವ ಜಾಗ ಇದೊಂದೇ ಅನ್ನಬಹುದು.

ಕ್ವಾಂಶಿಯ ಸೀಮೆಯನ್ನು ಕಣ್ಣಾರೆ ನೋಡಲು ಫ್ರಾನ್ಸಿಗೂ ಹೋಗಿ ಬಂದೆ. ಆ ತಿಂಗಳುಗಳಲ್ಲಿ ಸತ್ತು ಸಮಾಧಿಯೂ ಸಿಗದವರ ಹೆಸರುಗಳು ಹತ್ತಿರದ ಲೆ ಟೂರೆ ಸ್ಮಾರಕದ ಗೋಡೆಗಳ ಮೇಲಿವೆ, 13,400ಕ್ಕೂ ಹೆಚ್ಚು. ಅಲ್ಲಿಂದ ಸ್ವಲ್ಪ ದೂರ ಹೋದರೆ ನ್ಯೂವ್ ಶಪೆಲ್, ಭಾರತೀಯ ಸೈನಿಕರ ಸ್ಮಾರಕ. ಅದರಲ್ಲಿ 4700ಕ್ಕೂ ಹೆಚ್ಚು ಹೆಸರು. ಓಲೀರಿ ಓಡಿದ ಕಾಲುವೆಯ ಆಚೆ ದಡದ ಊರು ಜಿವಾಂಶಿ. ಅವನಿಗಿಂತ ಕೆಲವೇ ವಾರ ಮುಂಚೆ, 1914ರ ಡಿಸೆಂಬರಿನ ಚಳಿಯಲ್ಲಿ, ಭಾರತೀಯ ಪಡೆಗಳು ಆ ಊರಿಗಾಗಿ ಹೋರಾಡಿದ್ದವು. ಈ ಸ್ಮಾರಕಗಳ ಒಂದು ಕ್ರಮ ನನಗೆ ಬಹಳ ಹಿಡಿಸಿತು. ಸಮಾಧಿ ಆಯೋಗದವರು ದರ್ಜೆ ನೋಡಿ ಕಲ್ಲು ದೊಡ್ಡದು ಚಿಕ್ಕದು ಮಾಡಲಿಲ್ಲ. ಕರ್ನಲ್ಲಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ಬದುಕಿದ್ದಾಗ ದಿನಚರಿ ಕೊಡದ ಹೆಸರನ್ನು ಸತ್ತ ಮೇಲೆ ಗೋಡೆ ಕೊಟ್ಟಿತು.

ಇತ್ತ ಓಲೀರಿ ಮನೆಮಾತಾದ. ಜೂನ್‌ನಲ್ಲಿ ಅರಮನೆಯಲ್ಲಿ ರಾಜನ ಕೈಯಿಂದ ಪದಕ, ಜುಲೈನಲ್ಲಿ ಹೈಡ್ ಪಾರ್ಕಿನಲ್ಲಿ ಸಾವಿರಾರು ಜನರ ಮೆರವಣಿಗೆ. ಒಬ್ಬ ಐರಿಷ್‌ನವನು ಹತ್ತು ಜರ್ಮನ್ನರನ್ನು ಸೋಲಿಸಿದ ಎಂದು ಅವನ ಮುಖ ಹಾಕಿ ಭರ್ತಿಯ ಪೋಸ್ಟರ್ ಅಚ್ಚಾಯಿತು. ಅವನ ಅಪ್ಪನನ್ನೂ ಭಾಷಣಕ್ಕೆ ನಿಲ್ಲಿಸಿದರಂತೆ. ಸೇನೆಗೆ ಸೇರದಿದ್ದರೆ ಜರ್ಮನ್ನರು ಬಂದು, ಏಳುನೂರು ವರ್ಷದಿಂದ ಇಂಗ್ಲಿಷರು ನಮಗೆ ಮಾಡುತ್ತಿರುವುದನ್ನೇ ಮಾಡುತ್ತಾರೆ ಎಂದು ಆ ಮುದುಕ ಹೇಳಿದನೆಂಬ ಕಥೆ ಇದೆ. ಅಕ್ಟೋಬರಿನಲ್ಲಿ ಓಲೀರಿ ಕನಾಟ್ ರೇಂಜರ್ಸ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದ. ತನ್ನದೇ ಐರಿಷ್ ಗಾರ್ಡ್ಸ್‌ನಲ್ಲಿ ಅಲ್ಲ, ಗಮನಿಸಿ. ನಿನ್ನೆಯವರೆಗೆ ಜೊತೆಯಲ್ಲಿ ಉಂಡವರ ಮೇಲೆ ಅಧಿಕಾರ ನಡೆಸುವುದು ಕಷ್ಟ ಎಂದು ಕೆಳಗಿನಿಂದ ಬಂದವರನ್ನು ಬೇರೆ ದಳಕ್ಕೆ ಹಾಕುವ ರೂಢಿಯಿತ್ತು. ಜೊತೆಗೆ ಗಾರ್ಡ್ಸ್ ಆಫೀಸರ್ ಆಗಲು ಮನೆಯ ದುಡ್ಡೂ ಬೇಕಿತ್ತು.

ಇದೇ ಹೊತ್ತಿಗೆ ಐರಿಷ್ ಗಾರ್ಡ್ಸ್‌ನ ಎರಡನೇ ಬೆಟಾಲಿಯನ್ನಿನಲ್ಲಿ ಜಾನ್ ಕಿಪ್ಲಿಂಗ್ ಇದ್ದ, ಲೇಖಕ ರಡ್ಯಾರ್ಡ್ ಕಿಪ್ಲಿಂಗನ ಮಗ. ಕಣ್ಣು ಮಂಜು ಎಂದು ಸೇನೆ ತಿರಸ್ಕರಿಸಿದ್ದ ಹುಡುಗ. ಅಪ್ಪ ಸೇನೆಯ ಹಿರಿಯ ಫೀಲ್ಡ್ ಮಾರ್ಷಲ್ ಲಾರ್ಡ್ ರಾಬರ್ಟ್ಸ್ ಅವರಿಗೆ ಹೇಳಿಸಿ ನೇರವಾಗಿ ಆಫೀಸರ್ ಮಾಡಿಸಿದ. 1915ರ ಸೆಪ್ಟೆಂಬರ್ 27ರಂದು ಫ್ರಾನ್ಸಿನ ಲೂಸ್‌ ಕಾಳಗದಲ್ಲಿ ಜಾನ್ ಸತ್ತ. 18 ವರ್ಷ ಆಗಿ ಒಂದು ತಿಂಗಳು ಕಳೆದಿತ್ತು, ಅಷ್ಟೇ. ಅವನ ದೇಹಕ್ಕಾಗಿ ಅಪ್ಪ ವರ್ಷಗಟ್ಟಲೆ ಹುಡುಕಿದ. ಶಿಫಾರಸಿನಿಂದ ಬಂದ ದರ್ಜೆಯೂ ಕೆಳಗಿನಿಂದ ಹತ್ತಿದ ದರ್ಜೆಯೂ ಗುಂಡಿನ ಮುಂದೆ ಒಂದೇ ಆಗಿತ್ತು.

ಕೊಡಗಿನವನಾಗಿ ನನಗೆ ಇನ್ನೊಂದು ಮಾತು ಹೇಳದೆ ಇರಲಾಗುವುದಿಲ್ಲ. ಓಲೀರಿಗೆ ತೆರೆದ ಆ ಬಾಗಿಲು ಅದೇ ಯುದ್ಧದಲ್ಲಿ ಭಾರತೀಯ ಸಿಪಾಯಿಗೆ ತೆರೆಯಲಿಲ್ಲ. ಎಂಥ ಶೂರನಾದರೂ ಸುಬೇದಾರ್ ಮೇಜರ್‌ಗೇ ನಿಲ್ಲಬೇಕು. ನಿನ್ನೆ ಬಂದ ಬಿಳಿಯ ಸೆಕೆಂಡ್ ಲೆಫ್ಟಿನೆಂಟ್ ಅವನಿಗಿಂತ ಮೇಲೆ. ಭಾರತೀಯರಿಗೆ ರಾಜನ ಕಮಿಷನ್, ಅಂದರೆ ಪೂರ್ಣ ಆಫೀಸರ್ ನೇಮಕ, ಸಿಗತೊಡಗಿದ್ದೇ ಯುದ್ಧ ಮುಗಿಯುವ ಹೊತ್ತಿಗೆ. ನಮ್ಮ ಕಾರ್ಯಪ್ಪನವರು ಇಂದೋರಿನಲ್ಲಿ ತರಬೇತಿ ಮುಗಿಸಿ ಆಫೀಸರ್ ಆದದ್ದು 1919ರ ಡಿಸೆಂಬರಿನಲ್ಲಿ. ಐರಿಷರೂ ಆಳಿಸಿಕೊಂಡವರೇ, ನಾವೂ ಆಳಿಸಿಕೊಂಡವರೇ. ಆದರೆ ಏಣಿ ಇಬ್ಬರಿಗೂ ಒಂದೇ ಎತ್ತರದ್ದಾಗಿರಲಿಲ್ಲ.

ಓಲೀರಿ ಮುಂದೆ ಗ್ರೀಸಿನ ಸಲೋನಿಕಾ ರಣರಂಗಕ್ಕೆ ಹೋದ. ಅಲ್ಲಿ ಗುಂಡಿಗಿಂತ ಮಲೇರಿಯಾ ಜಾಸ್ತಿ ಜನರನ್ನು ಹಾಸಿಗೆ ಹಿಡಿಸಿತು. ಅವನಿಗೂ ಬಂತು. ಅವನು ಯುದ್ಧದಿಂದ ಬಿಡುಗಡೆಯಾಗುವಷ್ಟರಲ್ಲಿ ಊರಿನ ಗಾಳಿಯೇ ಬದಲಾಗಿತ್ತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್‌ನಲ್ಲಿ ಎದ್ದ 1916ರ ಈಸ್ಟರ್ ದಂಗೆ, ಅದರ ನಾಯಕರ ಮರಣದಂಡನೆ ಆಗಿಹೋಗಿತ್ತು. 1920ರ ಬೇಸಿಗೆಯಲ್ಲಿ ಜಲಂಧರ್‌ನಲ್ಲಿದ್ದ ಕನಾಟ್ ರೇಂಜರ್ಸ್ ಸಿಪಾಯಿಗಳು ಐರ್ಲೆಂಡಿನಲ್ಲಿ ನಡೆಯುತ್ತಿದ್ದ ದಬ್ಬಾಳಿಕೆಯ ಸುದ್ದಿ ಕೇಳಿ ಆಯುಧ ಕೆಳಗಿಟ್ಟರು. ಜೇಮ್ಸ್ ಡಾಲಿ ಎಂಬುವನನ್ನು ನವೆಂಬರ್ 2ರಂದು ದಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದರು. ಅದೇ ನವೆಂಬರ್ 28ರಂದು, ಓಲೀರಿಯ ಊರಿಗೆ ದೂರವಲ್ಲದ ಕಿಲ್‌ಮೈಕಲ್‌ನಲ್ಲಿ, ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಬಂಡುಕೋರರು ಬ್ರಿಟಿಷ್ ಪೊಲೀಸ್ ಪಡೆಯ ಎರಡು ಲಾರಿಗಳ ಮೇಲೆ ಹೊಂಚುಹಾಕಿ ಎರಗಿದರು. ಅವರ ನಾಯಕ ಟಾಮ್ ಬ್ಯಾರಿ, 23 ವರ್ಷದವನು, ಮೆಸೊಪಟೇಮಿಯಾದಲ್ಲಿ ಬ್ರಿಟಿಷ್ ಫಿರಂಗಿ ದಳದ ಸಿಪಾಯಿಯಾಗಿದ್ದವನು. ಲಾರಿಯಲ್ಲಿದ್ದ ಆಕ್ಸಿಲಿಯರಿಗಳು ಬ್ರಿಟಿಷ್ ಸೇನೆಯ ಮಾಜಿ ಆಫೀಸರುಗಳು. ಆ ಜಾಗದಲ್ಲಿ ನಿಂತಾಗ ನನ್ನ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಇಂಥ ನೆಲದಲ್ಲಿ, ಬ್ರಿಟಿಷ್ ಪದಕವನ್ನು ಗೋಡೆಗೆ ತೂಗುಹಾಕಿಕೊಂಡು ಯಾರು ತಾನೇ ಬದುಕಿಯಾರು?

ಅವನು ಊರಲ್ಲಿ ನಿಲ್ಲಲಿಲ್ಲ. ಕೆನಡಾಕ್ಕೆ ಹೋಗಿ ಒಂಟಾರಿಯೊ ಪೊಲೀಸಿನಲ್ಲಿ, ಆಮೇಲೆ ರೈಲ್ವೆ ಪೊಲೀಸಿನಲ್ಲಿ ಕೆಲಸ ಮಾಡಿದ. ಮೂವತ್ತರ ದಶಕದಲ್ಲಿ ಲಂಡನ್ನಿಗೆ ಬಂದು ಮೇಫೇರ್ ಹೋಟೆಲಿನ ಬಾಗಿಲಲ್ಲಿ ಸಮವಸ್ತ್ರ ತೊಟ್ಟು ನಿಲ್ಲುವ ಕೆಲಸಕ್ಕೆ ಸೇರಿದ. ಎರಡನೇ ಮಹಾಯುದ್ಧ ಬಂದಾಗ ಮತ್ತೆ ಕ್ಯಾಪ್ಟನ್ ಆಗಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿಗೆ ಹೋದ. ಮತ್ತೆ ಮಲೇರಿಯಾ. ಕೊನೆಗೆ ಇಂಗ್ಲೆಂಡಿನಲ್ಲೇ ಯುದ್ಧ ಕೈದಿಗಳ ಶಿಬಿರ ನೋಡಿಕೊಂಡ. 1961ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಅವನ ಪದಕ ಐರಿಷ್ ಗಾರ್ಡ್ಸ್ ಬಳಿಯೇ ಇದೆ. ಯುದ್ಧ ಕೊಟ್ಟ ದರ್ಜೆ ಯುದ್ಧಕ್ಕಷ್ಟೇ ಆಗಿತ್ತು. ಆ ನಾಲ್ಕು ವರ್ಷಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಜನರಿಗೆ ಕಮಿಷನ್ ಕೊಟ್ಟಿದ್ದರು. ಅವರಲ್ಲಿ ಕೆಳಗಿನಿಂದ ಹತ್ತಿದ ಬಹಳ ಜನ ಶಾಂತಿ ಬಂದ ಮೇಲೆ ಕೆಲಸ ಹುಡುಕಿಕೊಂಡು ಬಾಗಿಲು ಬಾಗಿಲು ಅಲೆದರು.

ಈಗ ನಾನು ಅದೇ ವಿಧಾನವನ್ನು ಮೈಸೂರು ಲ್ಯಾನ್ಸರ್ಸ್‌ಗೆ ಹಚ್ಚಿದ್ದೇನೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್‌ನಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರಿನ ಕುದುರೆ ಸವಾರರೂ ಇದ್ದರು. ಬ್ರಿಗೇಡಿನ ದಿನಚರಿ ಒಂದು ಕಡೆ, ಸಮಾಧಿ ಆಯೋಗದ ಪಟ್ಟಿ ಇನ್ನೊಂದು ಕಡೆ ಇಟ್ಟುಕೊಂಡು, ಸವಾರರ ಹೆಸರುಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತಿದ್ದೇನೆ. ಹೆಸರುಗಳು ಇಂಗ್ಲಿಷ್ ಗುಮಾಸ್ತರ ಕೈಯಲ್ಲಿ ಸಿಕ್ಕಿ ಬಹಳ ಕೆಟ್ಟಿವೆ. 1911ರ ಐರಿಷ್ ಫಾರಮ್ಮಿನಂಥದ್ದು ನಮ್ಮಲ್ಲಿಲ್ಲ. ಮನೆಯಲ್ಲಿ ತಾತ ಮುತ್ತಾತಂದಿರ ಲ್ಯಾನ್ಸರ್ಸ್ ಪದಕ, ಪಿಂಚಣಿ ಕಾಗದ, ಹಳೆಯ ಫೋಟೊ ಏನಾದರೂ ಇದ್ದವರು ಪದಕದ ಅಂಚನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಸಣ್ಣ ಅಕ್ಷರದಲ್ಲಿ ನಂಬರು, ಹೆಸರು, ದರ್ಜೆ ಕೆತ್ತಿರುವ ಸಾಧ್ಯತೆ ಇದೆ.